ಮೀಟರಿನ ಎದುರು ಮಾದರಿ: ಕಟ್ಟಡದ ವಿದ್ಯುತ್ ಬಳಕೆಯನ್ನು ಸಿಮ್ಯುಲೇಷನ್ ಮತ್ತು ದತ್ತಾಂಶದಿಂದ ಅರಿಯುವ ಕ್ರಮ

ಕಚೇರಿಯದೋ ಕಾಲೇಜಿನದೋ ವಿದ್ಯುತ್ ಬಿಲ್ಲನ್ನು ನೋಡಿದರೆ ತಿಂಗಳಿಗೆ ಎಷ್ಟು ಯೂನಿಟ್ ಖರ್ಚಾಯಿತು ಎಂಬುದು ತಿಳಿಯುತ್ತದೆಯೇ ಹೊರತು, ಅದರಲ್ಲಿ ತಾರಸಿಯಿಂದ ಇಳಿದ ಬಿಸಿಲಿನ ಪಾಲೆಷ್ಟು, ಕಿಟಕಿ ಗಾಜಿನ ಪಾಲೆಷ್ಟು, ರಾತ್ರಿಯಿಡೀ ನಡೆಯುವ ಯುಪಿಎಸ್‌ನ ಪಾಲೆಷ್ಟು ಎಂಬುದು ತಿಳಿಯುವುದಿಲ್ಲ. ಕಟ್ಟಡದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಅದರ ವರ್ತನೆಯನ್ನು ಲೆಕ್ಕ ಹಾಕುವ ಸಿಮ್ಯುಲೇಷನ್ ಈ ಪಾಲುಗಳನ್ನು ಬಿಡಿಸಿ ತೋರಿಸಬಲ್ಲದು. ಆದರೆ ಅದು ತೋರಿಸಿದ್ದು ನಿಜವೇ ಎಂಬುದನ್ನು ಮೀಟರ್ ಹೇಳಬೇಕು. ಅಮೆರಿಕದಲ್ಲಿ ಲೀಡ್ ಎಂಬ ಹಸಿರು ಕಟ್ಟಡ ಪ್ರಮಾಣಪತ್ರ ಪಡೆದ 121 ಕಟ್ಟಡಗಳ ನಿಜವಾದ ಬಳಕೆಯನ್ನು ವಿನ್ಯಾಸದ ಹಂತದ ಅಂದಾಜಿನೊಡನೆ ಹೋಲಿಸಿದ 2008ರ ಅಧ್ಯಯನವೊಂದರಲ್ಲಿ, ಅರ್ಧಕ್ಕಿಂತ ಹೆಚ್ಚು ಕಟ್ಟಡಗಳ ಬಳಕೆ ಅಂದಾಜಿಗಿಂತ ಶೇಕಡಾ 25ಕ್ಕೂ ಹೆಚ್ಚು ಅತ್ತ ಅಥವಾ ಇತ್ತ ಸರಿದಿತ್ತು. ಆದ್ದರಿಂದ ಇಲ್ಲಿ ವಿವರಿಸುವ ಕ್ರಮದಲ್ಲಿ ಮೀಟರಿನ ದತ್ತಾಂಶ ಮೊದಲು ಬರುತ್ತದೆ, ಮಾದರಿ ಆಮೇಲೆ ಬರುತ್ತದೆ, ಮತ್ತೆ ಮೀಟರಿಗೇ ಮರಳಬೇಕಾಗುತ್ತದೆ.

ವಿವರಣೆಗಾಗಿ ಬೆಂಗಳೂರಿನಲ್ಲಿ ಮೂರು ಮಹಡಿಯ, 3,000 ಚದರ ಮೀಟರ್ ವಿಸ್ತೀರ್ಣದ, ವರ್ಷಕ್ಕೆ 2,70,000 ಯೂನಿಟ್ ಬಳಸುವ ಒಂದು ಕಚೇರಿ ಕಟ್ಟಡ ಇದೆಯೆಂದು ಇಟ್ಟುಕೊಳ್ಳೋಣ. ಕಟ್ಟಡದ ನಿರ್ವಹಣೆ ನೋಡಿಕೊಳ್ಳುವ ಎಂಜಿನಿಯರ್‌ಗೂ, ವಾಸ್ತುಶಿಲ್ಪ ಕಲಿಯುತ್ತಿರುವ ವಿದ್ಯಾರ್ಥಿಗೂ ಈ ಕ್ರಮ ಒಂದೇ.

ಪ್ರಶ್ನೆಯನ್ನು ಬರೆದುಕೊಳ್ಳುವುದು

ತಂತ್ರಾಂಶವನ್ನು ತೆರೆಯುವ ಮುನ್ನ, ಯಾವ ನಿರ್ಧಾರಕ್ಕಾಗಿ ಈ ಕೆಲಸ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ‘ತಾರಸಿಗೆ ಉಷ್ಣನಿರೋಧಕ ಹಾಕಿಸಿದರೆ ಮೇಲಿನ ಮಹಡಿಯ ಎಸಿ ಖರ್ಚು ಎಷ್ಟು ಇಳಿದೀತು’ ಎಂಬುದು ಉತ್ತರಿಸಬಹುದಾದ ಪ್ರಶ್ನೆ. ‘ಕಟ್ಟಡದ ದಕ್ಷತೆ ಹೇಗಿದೆ’ ಎಂಬುದು ಹಾಗಲ್ಲ. ಕೆಲವು ಪ್ರಶ್ನೆಗಳಿಗೆ ಸಿಮ್ಯುಲೇಷನ್ನೇ ಬೇಡ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಹೊರಬಂದ ಇಕೋ ನಿವಾಸ್ ಸಂಹಿತೆಯು ಗೋಡೆ ಮತ್ತು ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಎಂಬ ಮಿತಿಯನ್ನು ಹಾಕಿದೆ. ಮನೆಯೊಂದು ಅದನ್ನು ಪಾಲಿಸುತ್ತದೆಯೇ ಎಂದು ನೋಡಲು ಸ್ಪ್ರೆಡ್‌ಶೀಟ್ ಸಾಕು. ಗಂಟೆಗಂಟೆಗೂ ಬದಲಾಗುವ ಬಿಸಿಲು, ಜನರ ಓಡಾಟ ಮತ್ತು ಎಸಿಯ ವರ್ತನೆ ಒಂದರೊಳಗೊಂದು ಹೆಣೆದುಕೊಂಡಿರುವಾಗ ಮಾತ್ರ ಸಿಮ್ಯುಲೇಷನ್ನಿನ ಶ್ರಮ ಸಾರ್ಥಕ.

ಬಿಲ್ಲು ಮತ್ತು ಮೀಟರಿನ ದತ್ತಾಂಶ

ಕನಿಷ್ಠ 24 ತಿಂಗಳ ಬಿಲ್ಲುಗಳನ್ನು ಒಟ್ಟುಮಾಡಿ. ಬಿಲ್ಲಿನ ಮೇಲಿನ ತಿಂಗಳ ಹೆಸರಿಗಿಂತ ರೀಡಿಂಗ್ ತೆಗೆದ ದಿನಾಂಕ ಮುಖ್ಯ, ಏಕೆಂದರೆ ಒಂದು ಬಿಲ್ಲು 28 ದಿನಗಳದ್ದೂ ಮತ್ತೊಂದು 33 ದಿನಗಳದ್ದೂ ಆಗಿರಬಹುದು. ಹಾಗಾಗಿ ಯೂನಿಟ್‌ಗಳನ್ನು ದಿನಗಳಿಂದ ಭಾಗಿಸಿ ದಿನವಹಿ ಸರಾಸರಿಯನ್ನೇ ಬಳಸಬೇಕು. ದೊಡ್ಡ ಸಂಪರ್ಕಗಳಲ್ಲಿ ಮೀಟರಿನ ಅಂಕಿಯನ್ನು ಬಿಲ್ಲಿನಲ್ಲಿ ನಮೂದಾಗಿರುವ ಗುಣಕದಿಂದ ಗುಣಿಸಿದಾಗಲೇ ನಿಜವಾದ ಯೂನಿಟ್ ಸಿಗುತ್ತದೆ.

ಇಲ್ಲಿ ಹೆಚ್ಚು ಜನ ಎಡವುವುದು ಸೌರಫಲಕ ಮತ್ತು ಜನರೇಟರ್‌ಗಳ ವಿಷಯದಲ್ಲಿ. ತಾರಸಿಯ ಮೇಲೆ ಸೌರಫಲಕವಿದ್ದು, ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್ಡಿಗೆ ಕೊಟ್ಟು ಬಿಲ್ಲಿನಲ್ಲಿ ಹೊಂದಿಸಿಕೊಳ್ಳುವ ನೆಟ್ ಮೀಟರಿಂಗ್ ಇದ್ದರೆ, ಫಲಕದಿಂದ ನೇರವಾಗಿ ಕಟ್ಟಡವೇ ಬಳಸಿಕೊಂಡ ವಿದ್ಯುತ್ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಮೀಟರಿನಲ್ಲಿ ಕಾಣಿಸುವುದೇ ಇಲ್ಲ. ಇನ್ವರ್ಟರ್‌ನಲ್ಲಿ ದಾಖಲಾದ ಒಟ್ಟು ಉತ್ಪಾದನೆಯಿಂದ ಗ್ರಿಡ್ಡಿಗೆ ಕಳುಹಿಸಿದ್ದನ್ನು ಕಳೆದು, ಉಳಿದದ್ದನ್ನು ಗ್ರಿಡ್ಡಿನಿಂದ ಪಡೆದ ಯೂನಿಟ್‌ಗಳಿಗೆ ಕೂಡಿಸಬೇಕು. ಜನರೇಟರ್‌ನ ಯೂನಿಟ್‌ಗಳನ್ನೂ ಹೀಗೆಯೇ ಸೇರಿಸಬೇಕು. ಇದನ್ನು ಬಿಟ್ಟರೆ ಕಟ್ಟಡ ಇರುವುದಕ್ಕಿಂತ ಮಿತವ್ಯಯಿಯಾಗಿ ಕಾಣುತ್ತದೆ, ಅದಕ್ಕೆ ಹೊಂದಿಸಿದ ಮಾದರಿಯೂ ಅದೇ ತಪ್ಪನ್ನು ಹೊತ್ತು ನಡೆಯುತ್ತದೆ.

ತಿಂಗಳ ಬಿಲ್ಲಿಗಿಂತ ಬೆಲೆಬಾಳುವುದು 15 ಅಥವಾ 30 ನಿಮಿಷಕ್ಕೊಮ್ಮೆ ದಾಖಲಾದ ಲೋಡ್ ವಿವರ. ಹೆಚ್ಚು ವೋಲ್ಟೇಜಿನ ಸಂಪರ್ಕಗಳ ಎಚ್‌ಟಿ ಮೀಟರ್‌ಗಳು ಸಾಮಾನ್ಯವಾಗಿ ಇದನ್ನು ಒಳಗೇ ಉಳಿಸಿಕೊಂಡಿರುತ್ತವೆ. ಅದನ್ನು ತೆಗೆದುಕೊಡುವಂತೆ ಎಸ್ಕಾಂ ಕಚೇರಿಗೆ ಲಿಖಿತವಾಗಿ ಕೋರಬಹುದು. ಅದು ಸಿಗದಿದ್ದರೆ, ಮುಖ್ಯ ಪ್ಯಾನೆಲ್ ಮತ್ತು ಎಸಿ ಪ್ಯಾನೆಲ್‌ಗಳಿಗೆ ಪರವಾನಗಿಯುಳ್ಳ ಎಲೆಕ್ಟ್ರೀಷಿಯನ್‌ನಿಂದ ಕ್ಲ್ಯಾಂಪ್ ಲಾಗರ್ (ತಂತಿಯ ಸುತ್ತ ಕಚ್ಚಿಸಿ ಹರಿವನ್ನು ದಾಖಲಿಸುವ ಉಪಕರಣ) ಹಾಕಿಸಿ, ಬೇಸಿಗೆಯಲ್ಲಿ ಎರಡು ವಾರ, ಮಳೆಗಾಲದಲ್ಲಿ ಎರಡು ವಾರ ಅಳೆದರೂ ಸಾಕಷ್ಟು ತಿಳಿಯುತ್ತದೆ.

ಮಾದರಿಗೆ ಮುನ್ನ ನೋಡಬೇಕಾದದ್ದು

ಮೊದಲ ಲೆಕ್ಕ ಸರಳವಾದದ್ದು: ವಾರ್ಷಿಕ ಯೂನಿಟ್‌ಗಳನ್ನು ವಿಸ್ತೀರ್ಣದಿಂದ ಭಾಗಿಸುವುದು. ನಮ್ಮ ಉದಾಹರಣೆಯಲ್ಲಿ 2,70,000ವನ್ನು 3,000ದಿಂದ ಭಾಗಿಸಿದರೆ ಚದರ ಮೀಟರಿಗೆ 90 ಯೂನಿಟ್. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯಾದ ಬಿಇಇ ವಾಣಿಜ್ಯ ಕಟ್ಟಡಗಳಿಗೆ ನಕ್ಷತ್ರಗಳನ್ನು ಕೊಡುವುದೂ ಇಂಥ ಸೂಚ್ಯಂಕದ ಆಧಾರದ ಮೇಲೆಯೇ. ಆದರೆ ಈ ಒಂದು ಅಂಕಿಯಿಂದ ಕಾರಣ ತಿಳಿಯುವುದಿಲ್ಲ.

ಕಾರಣದ ಕಡೆಗೆ ಕೈಹಿಡಿದು ನಡೆಸುವುದು ರಾತ್ರಿಯ ಲೋಡ್. 15 ನಿಮಿಷದ ದತ್ತಾಂಶದಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗಿನ ಅಂಕಿಗಳನ್ನು ಬೇರ್ಪಡಿಸಿ, ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಅಂಕಿಯನ್ನು, ಅಂದರೆ ಮಧ್ಯಕವನ್ನು ಕಂಡುಹಿಡಿಯಿರಿ. ಅದು 11 ಕಿಲೋವ್ಯಾಟ್ ಬಂದಿತು ಎಂದುಕೊಳ್ಳಿ. ಹಗಲಿನಲ್ಲೂ ಅಷ್ಟೇ ಹೊರೆ ಒಳಗೊಳಗೇ ಮುಂದುವರಿಯುತ್ತದೆಂದು ಭಾವಿಸಿ ವರ್ಷದ 8,760 ಗಂಟೆಗಳಿಂದ ಗುಣಿಸಿದರೆ 96,360 ಯೂನಿಟ್ ಆಗುತ್ತದೆ. ಒಟ್ಟು ಬಳಕೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಸರ್ವರ್ ಕೋಣೆ, ಯುಪಿಎಸ್‌ನ ನಷ್ಟ, ಆರದೆ ಉಳಿದ ದೀಪಗಳು, ಕಾವಲು ದೀಪಗಳು, ನೀರೆತ್ತುವ ಪಂಪು, ಸ್ಟ್ಯಾಂಡ್‌ಬೈ ಸ್ಥಿತಿಯ ಯಂತ್ರಗಳು ಇವೆಲ್ಲ ಸೇರಿದ ಮೊತ್ತವಿದು. ಗೋಡೆಗೂ ಗಾಜಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಅರಿಯದೆ ಮಾದರಿ ಕಟ್ಟಿದವರು, ಲೆಕ್ಕಕ್ಕೆ ಸಿಗದ ಈ ಯೂನಿಟ್‌ಗಳನ್ನು ಎಸಿಯ ತಲೆಗೆ ಕಟ್ಟಿ, ಹೊರಗೋಡೆಯ ಸುಧಾರಣೆಯಿಂದ ಇಲ್ಲದ ಉಳಿತಾಯವನ್ನು ಎಣಿಸಿಕೊಳ್ಳುತ್ತಾರೆ.

ಎರಡನೆಯದಾಗಿ, ಕೆಲಸದ ದಿನ, ಶನಿವಾರ, ಭಾನುವಾರ ಮತ್ತು ರಜೆಗಳ ಸರಾಸರಿ ಗಂಟೆವಾರು ರೇಖೆಗಳನ್ನು ಒಂದೇ ಚಿತ್ರದಲ್ಲಿ ಬಿಡಿಸಿ. ಪೈಥಾನ್‌ನ ಪಾಂಡಾಸ್ ಬಲ್ಲವರಿಗೆ ಇದು ಕೆಲವೇ ಸಾಲುಗಳ ಕೆಲಸ. ಎಕ್ಸೆಲ್‌ನ ಪಿವಟ್ ಕೋಷ್ಟಕದಲ್ಲೂ ಆಗುತ್ತದೆ. ಕಚೇರಿ ತೆರೆಯುವುದು ಒಂಬತ್ತೂವರೆಗೆ ಎಂದು ಎಲ್ಲರೂ ಹೇಳಿದರೂ ರೇಖೆ ಏಳೂವರೆಗೇ ಏರಿದ್ದರೆ, ಸ್ವಚ್ಛತಾ ಸಿಬ್ಬಂದಿ ಬಂದಾಗಲೇ ಎಸಿ ಚಾಲೂ ಆಗುತ್ತಿದೆಯೇ ಎಂದು ಹೋಗಿ ನೋಡಬೇಕು. ಮುಂದೆ ಮಾದರಿಗೆ ಕೊಡಬೇಕಾದ ವೇಳಾಪಟ್ಟಿಯನ್ನು ಈ ರೇಖೆಯಿಂದಲೇ ತೆಗೆಯುವುದು ಒಳ್ಳೆಯದು, ಜನರ ನೆನಪಿನಿಂದಲ್ಲ.

ಮೂರನೆಯದು, ಅಡ್ಡಕ್ಕೆ ದಿನದ ಸರಾಸರಿ ಹೊರತಾಪಮಾನ, ಉದ್ದಕ್ಕೆ ದಿನದ ಯೂನಿಟ್‌ಗಳನ್ನಿಟ್ಟು ಚುಕ್ಕಿಗಳನ್ನು ಹಾಕುವುದು. ಯಾವ ತಾಪಮಾನದಿಂದ ಚುಕ್ಕಿಗಳು ಮೇಲೇರಲು ತೊಡಗುತ್ತವೆ, ಎಷ್ಟು ಕಡಿದಾಗಿ ಏರುತ್ತವೆ ಎಂಬುದು ಹವೆಗೆ ಕಟ್ಟಡ ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ. ಬೆಂಗಳೂರಿನ ಸೌಮ್ಯ ಹವೆಯಲ್ಲಿ ಈ ಏರು ಹಲವು ಕಟ್ಟಡಗಳಲ್ಲಿ ಸಣ್ಣದಾಗಿರುತ್ತದೆ, ಜನರ ಹಾಜರಾತಿಯೇ ಬಳಕೆಯನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ. ಮಂಗಳೂರಿನಲ್ಲಿ ಬರಿಯ ತಾಪಮಾನದಿಂದ ಚಿತ್ರ ಸ್ಪಷ್ಟವಾಗದು. ಗಾಳಿಯ ತೇವವನ್ನು ತೆಗೆಯಲು ಎಸಿ ಪಡುವ ಶ್ರಮ ದೊಡ್ಡದಾದ್ದರಿಂದ ಅಲ್ಲಿ ತೇವವನ್ನೂ ಲೆಕ್ಕಕ್ಕೆ ಹಿಡಿಯುವ ಆರ್ದ್ರ ಬಲ್ಬ್ ತಾಪಮಾನದ ಎದುರು ಚುಕ್ಕಿ ಹಾಕಬೇಕು.

ಹವಾಮಾನದ ಕಡತ

ಸಿಮ್ಯುಲೇಷನ್ ತಂತ್ರಾಂಶಗಳು ಬಳಸುವ ಇಪಿಡಬ್ಲ್ಯು ಕಡತದಲ್ಲಿ ವರ್ಷದ 8,760 ಗಂಟೆಗಳ ತಾಪಮಾನ, ತೇವಾಂಶ, ಗಾಳಿ ಮತ್ತು ಸೌರವಿಕಿರಣ ಇರುತ್ತವೆ. ಭಾರತದ ಹಲವು ನಗರಗಳ ಕಡತಗಳು ಉಚಿತವಾಗಿ ಸಿಗುತ್ತವೆ. ಆದರೆ ಅವು ‘ಸಾಮಾನ್ಯ ವರ್ಷ’ದ ಕಡತಗಳು, ಬೇರೆ ಬೇರೆ ವರ್ಷಗಳಿಂದ ಆ ಊರಿನ ವಾಡಿಕೆಗೆ ಒಗ್ಗುವ ತಿಂಗಳುಗಳನ್ನು ಆರಿಸಿ ಜೋಡಿಸಿದಂಥವು. ಸುಧಾರಣೆಯ ಉಪಾಯಗಳನ್ನು ಹೋಲಿಸಲು ಅವು ಸರಿ. ಕಳೆದ ವರ್ಷದ ಬಿಲ್ಲಿನ ಜೊತೆ ಮಾದರಿಯನ್ನು ತಾಳೆ ನೋಡಲು ಮಾತ್ರ ಅದೇ ವರ್ಷದ ನಿಜವಾದ ಹವಾಮಾನ ಬೇಕು. ನಾಸಾದ ಪವರ್ ದತ್ತಾಂಶ ಗಂಟೆವಾರು ತಾಪಮಾನ ಮತ್ತು ವಿಕಿರಣವನ್ನು ಉಚಿತವಾಗಿ ಕೊಡುತ್ತದೆ. ಕರ್ನಾಟಕದೊಳಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಠಾಣೆಗಳ ಜಾಲವೂ ಇದೆ. ಇಂಥ ದತ್ತಾಂಶ ಅಂತರರಾಷ್ಟ್ರೀಯ ಸಮಯದಲ್ಲಿದ್ದರೆ ಐದೂವರೆ ಗಂಟೆ ಸರಿಸದೆ ಬಳಸಬಾರದು. ಸರಿಸದಿದ್ದರೆ ಮಾದರಿಯಲ್ಲಿ ಬೆಳಗಿನ ಏಳಕ್ಕೇ ನಡುಹಗಲ ಸೂರ್ಯ ಕಾಣಿಸಿಕೊಳ್ಳುತ್ತಾನೆ.

ಮಾದರಿ ಕಟ್ಟುವುದು

ತಂತ್ರಾಂಶ ಯಾವುದು ಎಂಬ ಚರ್ಚೆಗೆ ಹೆಚ್ಚು ಹೊತ್ತು ಬೇಡ. ಅಮೆರಿಕದ ಇಂಧನ ಇಲಾಖೆ 2001ರಲ್ಲಿ ಮೊದಲು ಬಿಡುಗಡೆ ಮಾಡಿದ ಎನರ್ಜಿಪ್ಲಸ್ ಉಚಿತ, ಅದರ ಮೂಲಸಂಕೇತವೂ ಮುಕ್ತ. ಓಪನ್‌ಸ್ಟುಡಿಯೋ ಅದಕ್ಕೆ ಚಿತ್ರಮಯ ಮುಖ ಕೊಡುತ್ತದೆ, ಡಿಸೈನ್‌ಬಿಲ್ಡರ್ ಹಣ ಕೊಟ್ಟು ಕೊಳ್ಳುವಂಥದ್ದು. ನಮ್ಮ ಉದಾಹರಣೆಯ ಗಾತ್ರದ ಕಟ್ಟಡಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಕು.

ಆಕಾರವನ್ನು ಸರಳವಾಗಿಡಿ. ಪ್ರತಿ ಕೋಣೆಯನ್ನೂ ಬಿಡಿಸುವ ಬದಲು, ಪ್ರತಿ ಮಹಡಿಯಲ್ಲಿ ಹೊರಗೋಡೆಯಿಂದ ಸುಮಾರು ನಾಲ್ಕೂವರೆ ಮೀಟರ್ ಆಳದವರೆಗೆ ನಾಲ್ಕು ದಿಕ್ಕಿನ ನಾಲ್ಕು ವಲಯಗಳನ್ನೂ, ನಡುವೆ ಒಂದು ವಲಯವನ್ನೂ ಮಾಡುವುದು ರೂಢಿ. ಪಕ್ಕದ ಕಟ್ಟಡ, ದೊಡ್ಡ ಮಳೆಮರ, ಸಜ್ಜಾಗಳನ್ನು ನೆರಳಿನ ತಲಗಳಾಗಿ ಸೇರಿಸಲೇಬೇಕು.

ದಿಕ್ಕು ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಮ್ಮ ಅಕ್ಷಾಂಶವೇ ಒಂದು ಉಪಾಯವನ್ನು ಕೊಟ್ಟಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರದಲ್ಲಿರುವುದರಿಂದ ಸೂರ್ಯ ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೇ ವಾರದಲ್ಲಿ ನಡುಹಗಲು ನೆತ್ತಿಯ ಮೇಲೆ ಬರುತ್ತಾನೆ. ಅವೆರಡರ ನಡುವಿನ ದಿನಗಳಲ್ಲಿ ನಡುಹಗಲ ಬಿಸಿಲು ಉತ್ತರದಿಂದ ಬೀಳುತ್ತದೆ. ಜೂನ್ 21ರಂದು ಸೂರ್ಯ ನೆತ್ತಿಯಿಂದ ಸುಮಾರು ಹತ್ತೂವರೆ ಡಿಗ್ರಿ ಉತ್ತರಕ್ಕಿರುತ್ತಾನೆ. ಆ ದಿನ ಮಾದರಿಯ ಉತ್ತರ ಗೋಡೆಗೆ ನೇರ ಬಿಸಿಲು ಬೀಳದೆ ದಕ್ಷಿಣಕ್ಕೆ ಬಿದ್ದರೆ, ಕಟ್ಟಡವನ್ನು ತಿರುಗಿಸಿಟ್ಟಿದ್ದೀರಿ ಎಂದೇ ಅರ್ಥ. ಡಿಸೆಂಬರಿನಲ್ಲಿ ಇದರ ವಿರುದ್ಧ: ಸೂರ್ಯ ದಕ್ಷಿಣಕ್ಕೆ ವಾಲಿ, ಸಜ್ಜಾ ಇಲ್ಲದ ದಕ್ಷಿಣದ ಗಾಜಿನೊಳಗೆ ಆಳವಾಗಿ ನುಗ್ಗುತ್ತಾನೆ. ಹೊರಗೆ ಚಳಿಯಿದ್ದಾಗಲೂ ದಕ್ಷಿಣದ ಸಾಲಿನಲ್ಲಿ ಕುಳಿತವರು ಎಸಿ ಕೇಳುವುದು ಇದರಿಂದಲೇ. ಉತ್ತರ ಭಾರತದ ಅಥವಾ ಯುರೋಪಿನ ಪಾಠಗಳನ್ನು ಇಲ್ಲಿಗೆ ಹಾಗೆಯೇ ತಂದುಕೊಂಡರೆ ನೆರಳಿನ ಲೆಕ್ಕ ತಪ್ಪುತ್ತದೆ.

ಗೋಡೆ, ತಾರಸಿ, ಗಾಜುಗಳಿಗೆ ಉಷ್ಣ ಹಾಯುವಿಕೆಯ ಬೆಲೆ, ಅಂದರೆ ಯು-ಮೌಲ್ಯ ಬೇಕು. ಎರಡೂ ಬದಿ ಪ್ಲಾಸ್ಟರ್ ಮಾಡಿದ 230 ಮಿಲಿಮೀಟರ್ ಇಟ್ಟಿಗೆ ಗೋಡೆಗೆ ಅದು ಚದರ ಮೀಟರ್-ಕೆಲ್ವಿನ್‌ಗೆ ಸುಮಾರು 2 ವ್ಯಾಟ್, ನಿರೋಧಕವಿಲ್ಲದ ಆರ್‌ಸಿಸಿ ಸ್ಲ್ಯಾಬಿಗೆ 3ಕ್ಕಿಂತ ಹೆಚ್ಚು, ಒಂಟಿ ಗಾಜಿಗೆ 5.7ರ ಆಸುಪಾಸು. ಗಾಜಿನಲ್ಲಿ ಯು-ಮೌಲ್ಯಕ್ಕಿಂತಲೂ ಬಿಸಿಲನ್ನು ಎಷ್ಟು ಒಳಬಿಡುತ್ತದೆ ಎಂಬ ಎಸ್‌ಎಚ್‌ಜಿಸಿ ಅಂಕಿ ನಮ್ಮ ಹವೆಯಲ್ಲಿ ಮುಖ್ಯ. ಸಾದಾ ಪಾರದರ್ಶಕ ಗಾಜಿಗೆ ಅದು 0.8ರಷ್ಟಿರುತ್ತದೆ.

ಒಳಗಿನ ಹೊರೆಗಳಲ್ಲಿ (ಜನ, ದೀಪ, ಯಂತ್ರಗಳ ಬಳಕೆ ಮತ್ತು ಶಾಖ) ಯಂತ್ರದ ಮೇಲೆ ಬರೆದ ವ್ಯಾಟ್ ಅಂಕಿಯನ್ನು ನಂಬಬೇಡಿ. 65 ವ್ಯಾಟ್ ಎಂದು ಬರೆದ ಲ್ಯಾಪ್‌ಟಾಪ್ ಅಡಾಪ್ಟರ್ ಸಾಮಾನ್ಯವಾಗಿ ಸರಾಸರಿಯಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ಎಳೆಯುತ್ತದೆ. ಪ್ಲಗ್ ಮೀಟರ್ ಒಂದನ್ನು ತಂದು ನಾಲ್ಕಾರು ಮೇಜುಗಳಲ್ಲಿ ಅಳೆಯುವುದು ಅರ್ಧ ದಿನದ ಕೆಲಸ.

ಕಿಟಕಿ ತೆರೆದು, ಫ್ಯಾನ್ ಹಾಕಿಕೊಂಡು, ತೀರಾ ಸೆಕೆಯಾದಾಗ ಮಾತ್ರ ಎಸಿ ಹಾಕುವ ಕಟ್ಟಡಗಳು ನಮ್ಮಲ್ಲಿ ಬಹಳ. ಅಂಥ ಕಟ್ಟಡಕ್ಕೆ ವರ್ಷವಿಡೀ 24 ಡಿಗ್ರಿ ಎಂದು ಮಾದರಿಯಲ್ಲಿ ನಮೂದಿಸಿದರೆ ಯಾರೂ ಬಳಸದ ತಂಪಿಗೆ ಲೆಕ್ಕ ಬರೆದಂತಾಗುತ್ತದೆ. ಭಾರತದ ಜನರ ಅನುಭವವನ್ನೇ ಆಧರಿಸಿ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಐಮ್ಯಾಕ್ ಎಂಬ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಸಹಜ ಗಾಳಿಯ ಕಟ್ಟಡದಲ್ಲಿ ಹಿತವೆನಿಸುವ ತಾಪಮಾನವೆಂದರೆ, ಹಿಂದಿನ 30 ದಿನಗಳ ಸರಾಸರಿ ಹೊರತಾಪಮಾನವನ್ನು 0.54ರಿಂದ ಗುಣಿಸಿ 12.83 ಕೂಡಿಸಿದಾಗ ಬರುವ ಅಂಕಿ. ಹೊರಗಿನ ಸರಾಸರಿ 28 ಡಿಗ್ರಿ ಇದ್ದ ಏಪ್ರಿಲ್‌ನಲ್ಲಿ ಇದು ಸುಮಾರು 28 ಡಿಗ್ರಿಯೇ ಆಗುತ್ತದೆ. ಶೇಕಡಾ 90ರಷ್ಟು ಜನ ಒಪ್ಪುವ ವ್ಯಾಪ್ತಿ ಅದರಿಂದ ಮೇಲೆ ಕೆಳಗೆ 2.38 ಡಿಗ್ರಿ. ಭಾರತದ ಹಿತದ ಮಿತಿಯನ್ನು ಭಾರತೀಯರನ್ನು ಕೇಳಿಯೇ ನಿರ್ಧರಿಸಿದ ಈ ಕೆಲಸವನ್ನು ನಮ್ಮ ಎಂಜಿನಿಯರ್‌ಗಳು ಇನ್ನೂ ಹೆಚ್ಚಾಗಿ ಬಳಸಬೇಕೆಂಬುದು ನನ್ನ ಒತ್ತಾಯ.

ಮೊದಲ ಓಟದ ನಂತರ ದೋಷಗಳ ಕಡತವನ್ನು ಓದದೆ ಫಲಿತಾಂಶವನ್ನು ನೋಡಬಾರದು. ‘ಸಿವಿಯರ್’ (ಗಂಭೀರ) ಎಂದು ಗುರುತಿಸಿದ ಸಂದೇಶ ಒಂದೂ ಉಳಿಯಬಾರದು. ಆಮೇಲೆ ಎಸಿಯನ್ನೂ ಒಳಹೊರೆಗಳನ್ನೂ ಪೂರ್ತಿ ತೆಗೆದು ಒಮ್ಮೆ ಓಡಿಸಿ, ಒಳಗಿನ ತಾಪಮಾನ ಹೊರಗಿನದನ್ನು ಸ್ವಲ್ಪ ತಡವಾಗಿ, ಏರಿಳಿತ ತಗ್ಗಿಸಿಕೊಂಡು ಹಿಂಬಾಲಿಸುತ್ತಿದೆಯೇ ಎಂದು ನೋಡಿ. ಬೆಂಗಳೂರಿನ ಕಚೇರಿಗೆ ಚಳಿಗಾಲದ ಹೀಟಿಂಗ್ ಬಳಕೆ ಗಣನೀಯವಾಗಿ ಬಂದರೆ ವೇಳಾಪಟ್ಟಿಯಲ್ಲೋ ಹೊರಗಾಳಿಯ ಪ್ರಮಾಣದಲ್ಲೋ ತಪ್ಪಿದೆ.

ಮಾದರಿಯನ್ನು ಮೀಟರಿಗೆ ಹೊಂದಿಸುವುದು

ಇದು ಇಡೀ ಕೆಲಸದ ತಿರುಳು, ಅತಿ ಹೆಚ್ಚು ಮೋಸ ನಡೆಯುವುದೂ ಇಲ್ಲಿಯೇ. ಕಟ್ಟಡಗಳ ತಂಪು-ಗಾಳಿ ವ್ಯವಸ್ಥೆಗೆ ಮಾನದಂಡ ರೂಪಿಸುವ ಅಮೆರಿಕದ ಆಶ್ರೇ ಸಂಸ್ಥೆಯ 14ನೇ ಮಾರ್ಗಸೂಚಿ ಎರಡು ಅಳತೆಗಳನ್ನು ಹೇಳುತ್ತದೆ. ಒಂದು, ಒಟ್ಟಾರೆ ವಾಲಿಕೆ: ವ್ಯತ್ಯಾಸಗಳ ಮೊತ್ತ ಅಳೆದ ಬಳಕೆಯ ಶೇಕಡಾ ಎಷ್ಟು ಎಂಬುದು. ಇನ್ನೊಂದು, ವ್ಯತ್ಯಾಸಗಳ ವರ್ಗಗಳ ಸರಾಸರಿಯ ವರ್ಗಮೂಲವನ್ನು ಸರಾಸರಿ ಬಳಕೆಯಿಂದ ಭಾಗಿಸಿದ್ದು. ತಿಂಗಳ ದತ್ತಾಂಶಕ್ಕೆ ಇವು ಶೇಕಡಾ 5 ಮತ್ತು 15ರೊಳಗೆ, ಗಂಟೆಯ ದತ್ತಾಂಶಕ್ಕೆ ಶೇಕಡಾ 10 ಮತ್ತು 30ರೊಳಗೆ ಇರಬೇಕು.

ಎರಡೂ ಏಕೆ ಬೇಕು ಎಂಬುದಕ್ಕೆ ನಮ್ಮ ಕಟ್ಟಡವನ್ನೇ ನೋಡೋಣ. ಅದರ ತಿಂಗಳ ಸರಾಸರಿ 22,500 ಯೂನಿಟ್. ಮಾದರಿಯು ಬೇಸಿಗೆಯ ನಾಲ್ಕು ತಿಂಗಳಲ್ಲಿ 4,000 ಯೂನಿಟ್ ಹೆಚ್ಚು, ಮಳೆಗಾಲದ ನಾಲ್ಕು ತಿಂಗಳಲ್ಲಿ 4,000 ಕಡಿಮೆ, ಉಳಿದ ನಾಲ್ಕರಲ್ಲಿ ಸರಿಯಾಗಿ ತೋರಿಸಿದರೆ ವರ್ಷದ ಮೊತ್ತ ಒಂದು ಯೂನಿಟ್ಟೂ ತಪ್ಪದೆ ಹೊಂದುತ್ತದೆ, ವಾಲಿಕೆ ಸೊನ್ನೆ. ಆದರೆ ಎಂಟು ವ್ಯತ್ಯಾಸಗಳ ವರ್ಗಗಳನ್ನು ಕೂಡಿ, 11ರಿಂದ (ಸೂತ್ರದಂತೆ 12 ತಿಂಗಳಿಗೆ ಒಂದು ಕಡಿಮೆ) ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 3,411 ಯೂನಿಟ್. ಅದು ಸರಾಸರಿಯ ಶೇಕಡಾ 15.2. ಮಾದರಿ ತೇರ್ಗಡೆಯಾಗಲಿಲ್ಲ. ವಾರ್ಷಿಕ ಮೊತ್ತ ಹೊಂದಿತೆಂದು ನೆಮ್ಮದಿಯಾಗಿದ್ದರೆ, ಹವೆಗೆ ನಿಜಕ್ಕಿಂತ ಹೆಚ್ಚು ಸ್ಪಂದಿಸುವ ಮಾದರಿಯನ್ನು ಇಟ್ಟುಕೊಂಡು ತಾರಸಿಯ ಉಳಿತಾಯವನ್ನು ಅಳೆಯಲು ಹೊರಟಿರುತ್ತಿದ್ದೆವು.

ಹೊಂದಿಸುವಾಗ ಸಾಕ್ಷ್ಯವಿರುವ ಅಂಕಿಯನ್ನು ಮಾತ್ರ ಬದಲಿಸಬೇಕು. ಮೊದಲು ರಾತ್ರಿಯ ಲೋಡ್, ನಂತರ ಭಾನುವಾರ, ನಂತರ ಎಸಿ ಇಲ್ಲದ ದಿನಗಳ ಹಗಲು, ಕೊನೆಗೆ ಎಸಿ ದಿನಗಳು ಎಂಬ ಅನುಕ್ರಮದಲ್ಲಿ ಹೋದರೆ ಒಂದೊಂದು ಹಂತದಲ್ಲಿಯೂ ಅಜ್ಞಾತವಾದವು ಕಡಿಮೆಯಿರುತ್ತವೆ. ಏನನ್ನು, ಯಾವ ಆಧಾರದ ಮೇಲೆ, ಎಷ್ಟಕ್ಕೆ ಬದಲಿಸಿದಿರಿ ಎಂಬುದನ್ನು ಪ್ರತಿ ಓಟಕ್ಕೂ ಒಂದು ಸಾಲಿನಲ್ಲಿ ಬರೆದಿಡಿ. ಗಾಳಿಯ ಸೋರಿಕೆಯನ್ನು ಮನಬಂದಷ್ಟು ಏರಿಸಿ ಅಂಕಿ ಕೂಡಿಸುವುದು ಬಹಳ ಸುಲಭ; ಹಾಗೆ ಕೂಡಿದ ಮಾದರಿಯಿಂದ ಯಾರ ಹಣವನ್ನೂ ಖರ್ಚು ಮಾಡಿಸಬಾರದು.

ಉಪಾಯಗಳನ್ನು ಪರೀಕ್ಷಿಸಿ, ಮತ್ತೆ ಅಳೆಯುವುದು

ಈಗ ಸಾಮಾನ್ಯ ವರ್ಷದ ಹವಾಮಾನ ಕಡತಕ್ಕೆ ಮರಳಿ, ಒಂದೊಂದೇ ಉಪಾಯವನ್ನು ಹೂಡಿ ನೋಡಬೇಕು, ಆಮೇಲೆ ಒಟ್ಟಿಗೆ. ಬಿಡಿ ಉಳಿತಾಯಗಳ ಮೊತ್ತಕ್ಕೂ ಒಟ್ಟು ಉಳಿತಾಯಕ್ಕೂ ತಾಳೆಯಾಗುವುದಿಲ್ಲ: ದೀಪಗಳನ್ನು ಎಲ್‌ಇಡಿಗೆ ಬದಲಿಸಿದರೆ ಒಳಗಿನ ಶಾಖ ತಗ್ಗಿ ಎಸಿಯ ಖರ್ಚೂ ಇಳಿಯುತ್ತದೆ, ಎಸಿಯ ಖರ್ಚು ಇಳಿದ ಮೇಲೆ ತಾರಸಿಯ ನಿರೋಧಕ ಉಳಿಸಬಹುದಾದದ್ದು ಕುಗ್ಗುತ್ತದೆ. ಯು-ಮೌಲ್ಯ 3.3 ಇರುವ ಸ್ಲ್ಯಾಬಿನ ಮೇಲೆ 50 ಮಿಲಿಮೀಟರ್ ಎಕ್ಸ್‌ಪಿಎಸ್ (ಉಷ್ಣನಿರೋಧಕ ಫೋಮ್) ಹಲಗೆ ಹಾಕಿದರೆ ಆ ಮೌಲ್ಯ 0.55ರಷ್ಟಕ್ಕೆ ಇಳಿಯುತ್ತದೆ, ಆರನೇ ಒಂದು ಪಾಲು. ಆದರೆ ಅದರ ಲಾಭ ಮೇಲಿನ ಮಹಡಿಗೆ ಮಾತ್ರ. ಮೂರು ಮಹಡಿಯ ಕಟ್ಟಡದ ಒಟ್ಟು ಬಿಲ್ಲಿನಲ್ಲಿ ಅದು ಸಣ್ಣದಾಗಿ ಕಂಡರೂ, ಮೇಲಿನ ಮಹಡಿಯವರ ನಡುಹಗಲಿನ ಹಿತದಲ್ಲಿ ದೊಡ್ಡದು. ಕಲಬುರಗಿಯಂಥ ಊರಿನಲ್ಲಿ ಇದೇ ಉಪಾಯ ಬಿಲ್ಲಿನಲ್ಲಿಯೂ ಎದ್ದು ಕಾಣುತ್ತದೆ. ಆದ್ದರಿಂದ ಫಲಿತಾಂಶದಲ್ಲಿ ಯೂನಿಟ್‌ಗಳ ಜೊತೆಗೆ, ಹಿತದ ಮಿತಿಯನ್ನು ಮೀರಿದ ಗಂಟೆಗಳ ಎಣಿಕೆಯನ್ನೂ ಕೊಡಿ.

ಅಳತೆಯಿಂದಲೇ ವಾದವೊಂದನ್ನು ತೀರ್ಮಾನಿಸಿದ ಒಳ್ಳೆಯ ಉದಾಹರಣೆ ಹೈದರಾಬಾದಿನಲ್ಲಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇನ್ಫೋಸಿಸ್ ತನ್ನ ಅಲ್ಲಿನ ಪೋಚಾರಂ ಆವರಣದ ಕಟ್ಟಡವೊಂದನ್ನು ಎರಡು ಸಮಾನ ಭಾಗಗಳಾಗಿ ಕಟ್ಟಿ, ಒಂದಕ್ಕೆ ರೂಢಿಯ ಕೇಂದ್ರೀಯ ಎಸಿಯನ್ನೂ, ಇನ್ನೊಂದಕ್ಕೆ ಸ್ಲ್ಯಾಬಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆಯನ್ನೂ ಅಳವಡಿಸಿತು. ಎರಡನೆಯ ಭಾಗ ತಂಪಿಗಾಗಿ ಸುಮಾರು ಮೂರನೇ ಒಂದು ಪಾಲು ಕಡಿಮೆ ವಿದ್ಯುತ್ ಬಳಸಿತೆಂದು ಮೀಟರ್‌ಗಳು ತೋರಿಸಿದವು. ಎಲ್ಲರಿಗೂ ಎರಡು ಅವಳಿ ಭಾಗಗಳು ಸಿಗುವುದಿಲ್ಲ. ಸಿಗದವರು ಸುಧಾರಣೆಗೆ ಮುಂಚಿನ ಒಂದು ವರ್ಷದ ದಿನವಹಿ ಬಳಕೆಯನ್ನು ಹೊರತಾಪಮಾನ ಮತ್ತು ಕೆಲಸದ ದಿನ-ರಜೆಯ ದಿನ ಎಂಬ ಗುರುತುಗಳ ಮೇಲೆ ರಿಗ್ರೆಷನ್ (ಅವುಗಳ ನಡುವಿನ ಸಂಬಂಧವನ್ನು ಅಂಕಿಅಂಶದಿಂದ ಕಂಡುಹಿಡಿಯುವ ವಿಧಾನ) ಮಾಡಿ ಸಮೀಕರಣವೊಂದನ್ನು ಪಡೆಯಬೇಕು. ಸುಧಾರಣೆಯ ನಂತರದ ಪ್ರತಿ ದಿನದ ತಾಪಮಾನವನ್ನು ಅದಕ್ಕೆ ಉಣಿಸಿ, ಹಳೆಯ ಕಟ್ಟಡ ಆ ದಿನ ಎಷ್ಟು ಬಳಸುತ್ತಿತ್ತು ಎಂದು ಲೆಕ್ಕ ಹಾಕಿ, ಅದರಿಂದ ನಿಜವಾದ ಬಳಕೆಯನ್ನು ಕಳೆದರೆ ಉಳಿತಾಯ ಸಿಗುತ್ತದೆ. ಹೀಗೆ ಮಾಡಿದಾಗ ಈ ವರ್ಷದ ತಂಪಾದ ಬೇಸಿಗೆಯ ಲಾಭ ತಾರಸಿಯ ಲೆಕ್ಕಕ್ಕೆ ಸೇರುವುದಿಲ್ಲ. ನಡುವೆ ಸಿಬ್ಬಂದಿ ಹೆಚ್ಚಿದರೆ, ಒಂದು ಮಹಡಿ ಖಾಲಿಯಾದರೆ, ಹೊಸ ಸರ್ವರ್ ಬಂದರೆ ಆ ದಿನಾಂಕವನ್ನು ಅಂದೇ ದಾಖಲಿಸಿ, ಅಲ್ಲಿಂದ ಮುಂದಿನ ದಿನಗಳಿಗೆ ಪ್ರತ್ಯೇಕ ಹೊಂದಾಣಿಕೆ ಮಾಡಬೇಕು. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಪೂರ್ತಿ ಕಳೆಯುವವರೆಗೆ ವಾರ್ಷಿಕ ಉಳಿತಾಯದ ಅಂಕಿಯನ್ನು ಆಡಳಿತ ಮಂಡಳಿಯ ಮುಂದೆ ಇಡಬಾರದು.